ವರ್ಷದ ದಿನಸಿಗೆ ಗಾಂಧಿ ಬಜಾರ್: ಯಾವುದು ಮೂಟೆಯಲ್ಲಿ, ಯಾವುದು ಕಿಲೋದಲ್ಲಿ

ಶಿವಮೊಗ್ಗದ ಗಾಂಧಿ ಬಜಾರ್ ಅಂದರೆ ಬಟ್ಟೆ, ಬಂಗಾರ ಅಂತ ಹೇಳುವವರೇ ಜಾಸ್ತಿ. ನಾನು ಹೇಳಲು ಹೊರಟಿರುವುದು ಅಲ್ಲಿನ ದಿನಸಿ ಅಂಗಡಿಗಳ ಬಗ್ಗೆ. ಅದೂ ತಿಂಗಳ ಸಾಮಾನಿನ ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ತೋಟ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ಬರುವ ದುಡ್ಡೇ ವರ್ಷದ ದುಡ್ಡು. ಅದರಲ್ಲೇ ಸೊಸೈಟಿ ಸಾಲ ಕಟ್ಟಬೇಕು, ಮಕ್ಕಳ ಫೀಸು ಕಟ್ಟಬೇಕು, ಅಡಿಕೆಯ ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲ ತೆಗೆದಿಡಬೇಕು. ಮಿಕ್ಕಿದ್ದರಲ್ಲಿ ಮುಂದಿನ ಅಡಿಕೆವರೆಗೆ ಊಟ. ಮಾರ್ಚಿನಲ್ಲಿ ಕೈಯಲ್ಲಿ ಕಾಸು ಇರುತ್ತದೆ, ಆಗಸ್ಟಿನ ಆಶ್ಲೇಷ ಮಳೆ ಹೊತ್ತಿಗೆ ಇರುವುದಿಲ್ಲ. ಆ ಹೊತ್ತಿನಲ್ಲಿ ಊರಿನ ಅಂಗಡಿಯಲ್ಲಿ ಉದ್ರಿ ಬರೆಸಿದರೆ ಆ ಲೆಕ್ಕ ದೀಪಾವಳಿ ದಾಟಿದರೂ ಹರಿಯುವುದಿಲ್ಲ. ಉದ್ರಿ ಕೊಡುವವರು ಬೆಲೆಯಲ್ಲಿ ಒಂದಿಷ್ಟು ಹಿಡಿದೇ ಹಿಡಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಅದಕ್ಕೇ ದುಡ್ಡು ಇರುವಾಗಲೇ ಅದನ್ನು ಸಾಮಾನು ಮಾಡಿ ಮನೆಗೆ ತಂದುಬಿಡುವುದು ನಮ್ಮ ಕ್ರಮ. ಈ ಕೆಲಸಕ್ಕೆ ಗಾಂಧಿ ಬಜಾರ್ ಎಷ್ಟು ಒಳ್ಳೆಯದು ಅಂತ ಕೇಳಿದರೆ, ತುಂಬ ಒಳ್ಳೆಯದು. ಆದರೆ ಎಲ್ಲ ಸಾಮಾನಿಗೂ ಅಲ್ಲ.

ಮೊದಲು ಮೆಣಸಿನಕಾಯಿ. ಇದೊಂದಕ್ಕೇ ಶಿವಮೊಗ್ಗಕ್ಕೆ ಹೋಗಿಬರಬಹುದು. ಹೊಸ ಬ್ಯಾಡಗಿ ಮೆಣಸು ಜನವರಿಯಿಂದ ಬರುತ್ತದೆ, ಮಾರ್ಚಿನ ಹೊತ್ತಿಗೆ ಅಂಗಡಿ ಮುಂದೆ ಚೀಲ ಚೀಲ ತೆರೆದಿಟ್ಟಿರುತ್ತಾರೆ. ಕಡ್ಡಿ ಅಂತ ಒಂದು, ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಡಬ್ಬಿ ಅಂತ ಇನ್ನೊಂದು, ಗಿಡ್ಡ, ದಪ್ಪ, ಬೀಜ ಜಾಸ್ತಿ. ಎರಡಕ್ಕೂ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರಕ್ಕೆ ಗುಂಟೂರು ಸೇರಿಸಬೇಕು. ನಾನು ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ತರುತ್ತೇನೆ, ಸಾರಿನ ಪುಡಿಗೂ ಆಗುತ್ತದೆ, ಉಪ್ಪಿನಕಾಯಿಗೂ ಆಗುತ್ತದೆ. ನಾಲ್ಕು ಜನರ ಮನೆಗೆ ಐದಾರು ಕಿಲೋ ಇದ್ದರೆ ವರ್ಷ ಕಳೆಯುತ್ತದೆ.

ಆರಿಸುವಾಗ ಮೇಲಿನ ಬಣ್ಣ ನೋಡಿ ಮರುಳಾಗಬೇಡಿ. ಚೀಲದ ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಸದ್ದಿಲ್ಲದೆ ಮೆತ್ತಗೆ ಮಡಚಿಕೊಂಡರೆ ಒಳಗೆ ನೀರಿನ ಪಸೆ ಇದೆ ಅಂತ ಅರ್ಥ. ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟ ಹಾಗೆ, ಮೇಲೆ ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಒಳಗೆಲ್ಲ ಬೂಷ್ಟು. ತೊಟ್ಟು ಬಿಳಚಿಕೊಂಡು ಮೈ ಕಂದು ತಿರುಗಿದ್ದರೆ ಅದು ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹಳೇ ಮಾಲು ಇರಬಹುದು, ಬೆಲೆ ಕಡಿಮೆ ಅಂತ ತಂದರೆ ಸಾರಿಗೆ ಬಣ್ಣವೇ ಬರುವುದಿಲ್ಲ. ನಾನು ಖಾಯಂ ಹೋಗುವ ಅಂಗಡಿಯವರು ತಾವೇ ಒಂದು ಕಾಯಿ ಮುರಿದು ತೋರಿಸುತ್ತಾರೆ, 'ಅಕ್ಕಾ, ಇದು ಇನ್ನೂ ಒಣಗಬೇಕು, ಮುಂದಿನ ವಾರ ಬನ್ನಿ' ಅಂತ ವಾಪಸ್ ಕಳಿಸಿದ್ದೂ ಉಂಟು. ಆ ಒಂದು ಮಾತಿಗಾಗಿಯೇ ಬೇರೆ ಕಡೆ ಹೋಗಲು ಮನಸ್ಸು ಬರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನ ಬೆಲೆ ಕುಸಿದು ರೈತರು ರೊಚ್ಚಿಗೆದ್ದಿದ್ದರಲ್ವಾ, ನಮಗೆ ಅಗ್ಗ ಅನ್ನುವುದು ಬೆಳೆದವನಿಗೆ ನಷ್ಟ. ಅಡಿಕೆ ದರ ಬಿದ್ದಾಗ ನಮ್ಮ ಹೊಟ್ಟೆ ಉರಿಯುವುದೂ ಹಾಗೇ. ಅದಕ್ಕೆ ಮೆಣಸಿಗೆ ಮಾತ್ರ ನಾನು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಒಳ್ಳೆಯ ಮಾಲಿಗೆ ಕೇಳಿದ್ದು ಕೊಡುತ್ತೇನೆ.

ಇನ್ನು ತೊಗರಿಬೇಳೆ. ವರ್ಷದ ಬೇಳೆ ಒಟ್ಟಿಗೇ ತಂದರೆ ಉಳಿತಾಯ ಅಂತ ಹಿರಿಯರು ಹೇಳುತ್ತಿದ್ದರು, ಈಗ ಅದು ಪೂರ್ತಿ ನಿಜವಲ್ಲ. 2024ರಲ್ಲಿ ತೊಗರಿಬೇಳೆ ಕಿಲೋಗೆ 150 ರೂಪಾಯಿ ದಾಟಿತ್ತು. ಇನ್ನೂ ಏರುತ್ತದೆ ಅಂತ ಹೆದರಿ ಆ ಬೆಲೆಗೆ ಮೂಟೆಗಟ್ಟಲೆ ತಂದಿಟ್ಟವರು 2025ರಲ್ಲಿ ಬೆಲೆ ಇಳಿದಾಗ ಹಳೇ ಬೆಲೆಯ ಬೇಳೆಯನ್ನೇ ಬೇಯಿಸುತ್ತಿದ್ದರು. ಬೇಳೆಕಾಳಿನ ಬೆಲೆ ಬೆಳೆಯ ಜೊತೆಗೆ ಸರ್ಕಾರ ಹೊರದೇಶದಿಂದ ಎಷ್ಟು ತರಿಸಲು ಬಿಡುತ್ತದೆ ಅನ್ನುವುದರ ಮೇಲೂ ನಿಂತಿದೆ, ಅದನ್ನು ಮನೆಯಲ್ಲಿ ಕೂತು ಅಂದಾಜು ಮಾಡಲು ಆಗುವುದಿಲ್ಲ. ಹಾಗಾಗಿ ಬೇಳೆ ಮಳೆಗಾಲ ಕಳೆಯುವಷ್ಟು ಮಾತ್ರ ತನ್ನಿ. ಜೂನ್‌ನಿಂದ ಅಕ್ಟೋಬರ್‌ಗೆ ಸಾಕಾದರೆ ಆಯಿತು. ಕಲಬುರಗಿ ಕಡೆಯ ಬೇಳೆ ಕೇಳಿ ತೆಗೆದುಕೊಳ್ಳಿ, ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ತೊಗರಿ ಜೊತೆಗೆ ಹುರುಳಿ, ಅಲಸಂದೆ ಒಂದಿಷ್ಟು ಇರಲಿ. ಹುರುಳಿ ತೊಗರಿಗಿಂತ ಅಗ್ಗ, ಮಳೆಗಾಲಕ್ಕೆ ಹುರುಳಿಕಟ್ಟಿನ ಸಾರಿಗೆ ಸಮ ಯಾವುದಿದೆ ಹೇಳಿ.

ಬಿಡಿ ತೂಕಕ್ಕೆ ಕೊಳ್ಳುವುದರಲ್ಲಿ ಇನ್ನೊಂದು ಲಾಭ ಇದೆ, ಇದು ಹಲವರಿಗೆ ಗೊತ್ತಿಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇಕಡಾ 5 ಜಿಎಸ್‌ಟಿ ಬಿತ್ತು, ಆದರೆ 25 ಕಿಲೋವರೆಗಿನ ಪ್ಯಾಕಿಗೆ ಮಾತ್ರ. ಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟರೆ ಆ ತೆರಿಗೆ ಇಲ್ಲ. ಅಕ್ಕಿ ಚೀಲ 25 ಕಿಲೋ ಇದ್ದದ್ದು 26 ಆಗಿದ್ದು ಇದೇ ಕಾರಣಕ್ಕೆ. ಸೂಪರ್‌ಮಾರ್ಕೆಟ್ಟಿನ ಹೊಳೆಯುವ ಪ್ಯಾಕೆಟ್ಟಿಗೂ ಗಾಂಧಿ ಬಜಾರಿನ ಗೋಣಿಚೀಲಕ್ಕೂ ವ್ಯತ್ಯಾಸ ಬರುವುದರಲ್ಲಿ ಇದೂ ಒಂದು. ನೂರಕ್ಕೆ ಐದು ರೂಪಾಯಿ ಏನು ಮಹಾ ಅನಿಸಬಹುದು, ವರ್ಷದ ಬೇಳೆಗೆ, ಹಿಟ್ಟಿಗೆ ಕೂಡಿಸಿ ನೋಡಿದರೆ ಒಂದು ತಿಂಗಳ ಸಕ್ಕರೆ, ಚಹಾಪುಡಿ ಅದರಲ್ಲೇ ಬರುತ್ತದೆ.

ಬಿಡಿಯಾಗಿ ಕೊಳ್ಳುವಾಗ ತೂಕದ ಮೇಲೆ ಕಣ್ಣಿರಲಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು ಅಂತ ನಿಯಮ ಇದೆ, ಆ ಮುದ್ರೆ ನೋಡುವ ಹಕ್ಕು ಗಿರಾಕಿಗೆ ಇದೆ. ತೂಗುವ ಮೊದಲು ಸೊನ್ನೆ ತೋರಿಸಲಿ, ಬುಟ್ಟಿಯ ತೂಕ ಕಳೆಯಲಿ. ಕೇಳಲು ನಾಚಿಕೆ ಬೇಡ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಸ್ಕ್ರೀನನ್ನು ನಮ್ಮ ಕಡೆಗೇ ತಿರುಗಿಸಿ ಇಟ್ಟಿರುತ್ತಾರೆ.

ಎಲ್ಲರೂ ಹಾಗಿಲ್ಲ. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಕೊತ್ತಂಬರಿ ಬೀಜ ಕೊಂಡಾಗ ಮೇಲೆ ಹಸಿರು ಛಾಯೆಯ ಹೊಸ ಬೀಜ, ಚೀಲದ ಅಡಿಯಲ್ಲಿ ವಾಸನೆಯೇ ಇಲ್ಲದ ಹಳೇ ಬೀಜ. ತಿರುಗಿ ಒಯ್ದು ತೋರಿಸಿದರೆ 'ಚೀಲ ಹೊರಗೆ ಹೋದ ಮೇಲೆ ನಮಗೆ ಸಂಬಂಧ ಇಲ್ಲ' ಅಂದರು. ಅಂಗಡಿಯ ಹುಡುಗ ಕೂಡ ತಲೆ ಎತ್ತಿ ನೋಡಲಿಲ್ಲ. ಇಂಥ ಕಡೆ ಎರಡನೇ ಸಲ ಹೋಗುವ ಅಗತ್ಯ ಇಲ್ಲ, ಅದೇ ಬೀದಿಯಲ್ಲಿ ಅಂಗಡಿಗೆ ಬರ ಇಲ್ಲ. ಮೊದಲ ಸಲ ಹೋಗುವವರು ಎಲ್ಲವನ್ನೂ ಒಂದೇ ಕಡೆ ಬರೆಸಬೇಡಿ. ಕಾಲು ಕಿಲೋ ಜೀರಿಗೆ, ಅರ್ಧ ಕಿಲೋ ಸಾಸಿವೆ ಕೊಂಡು ಮನೆಗೆ ಒಯ್ದು ನೋಡಿ, ಆಮೇಲೆ ದೊಡ್ಡ ಚೀಟಿ ಕೊಡಿ.

ಬೆಲ್ಲದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಹಳದಿಯಾಗಿ ಹೊಳೆಯುವ ಅಚ್ಚುಬೆಲ್ಲಕ್ಕೆ ಬಣ್ಣ ಬರಿಸಲು ರಾಸಾಯನಿಕ ಹಾಕುವುದುಂಟು. ಮಾಸಲು ಕಂದು ಬೆಲ್ಲ ನೋಡಲು ಚೆಂದ ಇಲ್ಲ, ರುಚಿಗೆ ಅದೇ ಮೇಲು, ಬೆಲೆಯಲ್ಲೂ ಒಂದೆರಡು ರೂಪಾಯಿ ಇಳಿಕೆ. ಆದರೆ ಯಾವ ಅಚ್ಚುಬೆಲ್ಲವನ್ನೂ ಮಲೆನಾಡಿನ ಮಳೆಗಾಲಕ್ಕೆ ಜಾಸ್ತಿ ಇಟ್ಟುಕೊಳ್ಳಬೇಡಿ. ಶಿವಮೊಗ್ಗ ಪೇಟೆಯ ಮಳೆ ಬೇರೆ, ನಮ್ಮ ಕಡೆಯದೇ ಬೇರೆ. ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ಥಂಡಿಗೆ ಬೆಲ್ಲ ಬೆವೆತು ಪಾಕವಾಗಿ ಹರಿಯುತ್ತದೆ. ಇದಕ್ಕೆ ಮೊದಲೇ ಪಾಕದ ಹಾಗಿರುವ ಜೋನಿಬೆಲ್ಲವೇ ಸರಿ. ಸಾಗರ, ಹೊಸನಗರದ ಕಡೆ ಆಲೆಮನೆ ನಡೆಯುವ ಕಾಲದಲ್ಲಿ ಡಬ್ಬದಲ್ಲಿ ತಂದಿಟ್ಟರೆ ದೋಸೆಗೂ ಆಯಿತು, ಪಾಯಸಕ್ಕೂ ಆಯಿತು.

ಹುಣಸೆಹಣ್ಣು ನಾನು ಸ್ವಲ್ಪವೇ ತರುವುದು. ವಾಟೆಹುಳಿ, ಉಪ್ಪಾಗೆ ಸುತ್ತಮುತ್ತ ಸಿಗುವಾಗ ಹುಳಿಗೆ ಯಾಕೆ ದುಡ್ಡು? ಕಲ್ಲುಪ್ಪು ಮಾತ್ರ ಧಾರಾಳ ತನ್ನಿ, ಅಯೋಡಿನ್ ಇರುವುದನ್ನೇ ಕೇಳಿ.

ಮೂಟೆಯಲ್ಲಿ ಬೇಡವೇ ಬೇಡ ಅನ್ನುವ ಸಾಮಾನುಗಳಿವೆ. ರವೆ, ಮೈದಾ, ಕಡಲೆಹಿಟ್ಟಿಗೆ ನಮ್ಮ ಮಳೆಯಲ್ಲಿ ಬೇಗ ಹುಳ ಬೀಳುತ್ತದೆ. ಶೇಂಗಾ ಬೀಜ ಮುಗ್ಗಲು ಹಿಡಿಯುತ್ತದೆ, ಮುಗ್ಗಿದ ಶೇಂಗಾ ತಿನ್ನುವುದು ಆರೋಗ್ಯಕ್ಕೆ ನಿಜಕ್ಕೂ ಅಪಾಯ, ತೊಳೆದು ಹುರಿದರೂ ಬೂಷ್ಟಿನ ವಿಷ ಪೂರ್ತಿ ಹೋಗುವುದಿಲ್ಲ. ಎಣ್ಣೆ ಕಾಲ ಕಳೆದ ಹಾಗೆ ಕಮಟು ಹೊಡೆಯುತ್ತದೆ. ಕಾಫಿಪುಡಿ ಪರಿಮಳ ಕಳೆದುಕೊಳ್ಳುತ್ತದೆ. ಇವನ್ನೆಲ್ಲ ತಿಂಗಳ ಲೆಕ್ಕದಲ್ಲಿ ಊರಲ್ಲೇ ಕೊಳ್ಳುವುದು ಲಾಭ. ನಮ್ಮಲ್ಲಿ ಈಗ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಈ ತಿಂಗಳ ಸಾಮಾನಿಗೆ ಅಂತಲೇ ಇಟ್ಟಿದ್ದೇನೆ. 2023ರ ಆಗಸ್ಟಿನಲ್ಲಿ ಅದು ಶುರುವಾದ ಮೇಲೆ ಅಡಿಕೆ ದುಡ್ಡಿನಿಂದ ಎಣ್ಣೆ, ಸೋಪಿಗೆ ಕೈ ಹಾಕುವುದು ತಪ್ಪಿದೆ. ಅಕ್ಕಿಗೆ ಪಡಿತರ ಇದೆ, ಹಬ್ಬಕ್ಕೆ ಮತ್ತು ನೆಂಟರು ಬಂದಾಗಿಗೆ ಅಂತ ಒಂದು ಚೀಲ ಸೋನಾಮಸೂರಿ ತಂದರೆ ಆಯಿತು.

ತಂದ ಮೇಲೆ ಇಡುವ ಕೆಲಸ ದೊಡ್ಡದು. ಅದು ಆಗದವರು ವರ್ಷದ ಖರೀದಿಗೆ ಹೋಗದಿರುವುದೇ ಒಳ್ಳೆಯದು, ಹುಳ ಬಿದ್ದ ಬೇಳೆ ಎಸೆದರೆ ಉಳಿಸಿದ್ದಷ್ಟೂ ಹೋಯಿತು. ಏಪ್ರಿಲ್ ಬಿಸಿಲಲ್ಲಿ ಎಲ್ಲವನ್ನೂ ಅಂಗಳದಲ್ಲಿ ಹರವಿ ಚೆನ್ನಾಗಿ ಕಾಯಿಸಬೇಕು. ಬಿಸಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಬೇಕು, ಬಿಸಿ ಇರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ. ತೊಗರಿಬೇಳೆಗೆ ಕೈಗೆ ಒಂದಿಷ್ಟು ಹರಳೆಣ್ಣೆ ಸವರಿಕೊಂಡು ತಿಕ್ಕಿ ಇಟ್ಟರೆ ಹುಳದ ಕಾಟ ಕಡಿಮೆ. ಹುರುಳಿ, ಅಲಸಂದೆ ಡಬ್ಬದಲ್ಲಿ ಒಣಗಿದ ಲಕ್ಕಿ ಸೊಪ್ಪು ಹಾಕುತ್ತೇವೆ, ಅಕ್ಕಿಗೆ ಬಜೆಯ ತುಂಡು. ಮೆಣಸಿನಕಾಯಿ ಒಲೆ ಮೇಲಿನ ಅಟ್ಟಕ್ಕೆ ಹೋಗುತ್ತದೆ, ದಿನಾ ಹೊಗೆ, ಶಾಖ ತಾಗುವುದರಿಂದ ಪುಷ್ಯ ಮಳೆಯಲ್ಲೂ ಮುರಿದರೆ ಪಟ್ ಅನ್ನುತ್ತದೆ. ಗ್ಯಾಸ್ ಒಲೆ ಮಾತ್ರ ಇರುವ ಮನೆಯವರು ಅರ್ಧ ಮೆಣಸನ್ನು ಬೇಸಿಗೆಯಲ್ಲೇ ಹುರಿದು ಪುಡಿ ಮಾಡಿಸಿ ಗಾಜಿನ ಜಾಡಿಯಲ್ಲಿ ಇಡಬಹುದು.

ಹೋಗಿಬರುವ ಖರ್ಚಿನ ಬಗ್ಗೆಯೂ ಹೇಳುತ್ತೇನೆ, ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಎಲ್ಲವೂ ಅಗ್ಗವಾಗಿಯೇ ಕಾಣುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆದರೆ ನಮ್ಮ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಜಾಸ್ತಿ, ಅದರಲ್ಲಿ ಟಿಕೆಟ್ ಕೊಡಲೇಬೇಕು, ಮೂಟೆಗೆ ಲಗೇಜ್ ಬೇರೆ. ಗಾಂಧಿ ಬಜಾರಿನಿಂದ ಬಸ್ ಸ್ಟ್ಯಾಂಡಿಗೆ ಬರಿಗೈಯಲ್ಲಾದರೆ ನಡೆದೇ ಬರಬಹುದು, ಮೂಟೆ ಇದ್ದರೆ ಆಟೋ ಬೇಕು, ಅಂಗಡಿಯಿಂದ ಆಟೋಗೆ ಎತ್ತಿಡಲು ಹಮಾಲಿಯವರಿಗೂ ಕೊಡಬೇಕು. ಒಂದೇ ಮನೆಯ ಸಾಮಾನಾದರೆ ಉಳಿದಿದ್ದರಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ಅದಕ್ಕೆ ನಾವು ಪಕ್ಕದ ಮನೆಯವರ ಜೊತೆ ಸೇರಿ ಹೋಗುವುದು. ಅಡಿಕೆ ಇಳಿಸಲು ಹೋದ ಪಿಕಪ್ ಹೇಗೂ ಖಾಲಿ ವಾಪಸ್ ಬರುತ್ತದೆ, ಅದರಲ್ಲಿ ಎರಡು ಮೂರು ಮನೆಯ ಮೂಟೆ ಹಾಕಿಸಿದರೆ ಬಾಡಿಗೆ ಹಂಚಿಹೋಗುತ್ತದೆ. ಒಟ್ಟಿಗೆ ಕೊಂಡರೆ ಬೆಲೆಯನ್ನೂ ಇಳಿಸುತ್ತಾರೆ. 'ಮೂರು ಮನೆಯದ್ದು ಇದು ಅಣ್ಣಾ, ಸರಿಯಾಗಿ ಹಾಕಿ' ಅಂದರೆ ಸಾಕು, ಕ್ಯಾಲ್ಕುಲೇಟರ್ ಮತ್ತೊಂದು ಸಲ ಒತ್ತುತ್ತಾರೆ. ನಗದು ಕೊಡುತ್ತೇವೆ ಅಂದರೆ ಇನ್ನೂ ಸಲೀಸು.

ಬೇಸರದ ಸಂಗತಿ ಅಂದರೆ ಆ ಬೀದಿಯ ಇಕ್ಕಟ್ಟು. ನಿಲ್ಲಲು ಜಾಗ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೂರಿಸಲು ಒಂದು ಸ್ಟೂಲೂ ಸಿಗುವುದಿಲ್ಲ. ಬೈಕು, ಗಾಡಿ, ಹೂವಿನವರು, ಹೊರೆ ಹೊತ್ತವರು ಎಲ್ಲ ಒಂದೇ ದಾರಿಯಲ್ಲಿ. ಗಣಪತಿ ಮೆರವಣಿಗೆಯ ದಿನ ಅತ್ತ ತಲೆ ಹಾಕಲೇಬೇಡಿ. ಯುಗಾದಿಗೆ ಮುಂಚಿನ ವಾರವೂ ಬೇಡ, ಆಗ ಅಂಗಡಿಯವರಿಗೆ ಮಾತಾಡಲೂ ಪುರುಸೊತ್ತಿಲ್ಲ, ಮಾಲು ಆರಿಸಲು ಬಿಡುವುದೂ ಇಲ್ಲ. ಹಬ್ಬ ಕಳೆದು ಒಂದು ವಾರ ಬಿಟ್ಟು, ವಾರದ ನಡುವಿನ ದಿನ ನೋಡಿ ಹೋಗಿ. ಮನೆಯಿಂದಲೇ ಖಾಲಿ ಗೋಣಿಚೀಲ, ಎಣ್ಣೆ ಡಬ್ಬ ಒಯ್ಯಿರಿ, ಚೀಲದ ದುಡ್ಡು ಉಳಿಯುತ್ತದೆ. ಹನ್ನೊಂದು ಗಂಟೆಯೊಳಗೆ ಚೀಟಿ ಕೊಟ್ಟು, ಮೆಣಸು ಒಂದನ್ನು ಮಾತ್ರ ಎದುರಿಗೇ ನಿಂತು ಆರಿಸಿ ತೂಗಿಸಿದರೆ, ಉಳಿದದ್ದನ್ನು ಅವರು ಕಟ್ಟಿಡುವಷ್ಟರಲ್ಲಿ ಊಟ ಮುಗಿಸಿ ಬಂದು ಮಧ್ಯಾಹ್ನದ ಗಾಡಿಗೆ ಮೂಟೆ ಏರಿಸಬಹುದು.