ಥಿಂಕ್‌ಪ್ಯಾಡ್ ಟಿ420ಕ್ಕೆ ಯುಎಸ್‌ಬಿ 3.0: ಎಕ್ಸ್‌ಪ್ರೆಸ್‌ಕಾರ್ಡ್ ಕೊಳ್ಳಬಹುದೇ?

2011ರ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ420ರ ಯುಎಸ್‌ಬಿ ಪೋರ್ಟುಗಳೆಲ್ಲ ಹಳೆಯ, ನಿಧಾನದ 2.0. ಪೋರ್ಟಬಲ್ ಹಾರ್ಡ್ ಡಿಸ್ಕ್ ಎಷ್ಟೇ ಹೊಸದಿರಲಿ, ವೇಗ ಸೆಕೆಂಡಿಗೆ 35 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. 50 ಜಿಬಿ ಕಾಪಿ ಆಗಲು ಹತ್ತಿರಹತ್ತಿರ 24 ನಿಮಿಷ ಬೇಕು. ಪಕ್ಕದ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ (ಹೆಚ್ಚುವರಿ ಕಾರ್ಡ್ ತೂರಿಸುವ ಕಿಂಡಿ) ರೆನೆಸಾಸ್ ಕಂಪನಿಯ 720202 ಚಿಪ್ ಇರುವ ಎರಡು ಪೋರ್ಟಿನ ಕಾರ್ಡ್ ಹಾಕಿದರೆ ಅದೇ ಡಿಸ್ಕ್ 100 ದಾಟುತ್ತದೆ, ಎಂಟು ನಿಮಿಷಕ್ಕೆಲ್ಲ ಕೆಲಸ ಮುಗಿಯುತ್ತದೆ. ಎಸ್‌ಎಸ್‌ಡಿ ಹಾಕಿಸಿ ಆಗಿದ್ದರೆ ಮುಂದಿನ ಖರ್ಚು ಇದಕ್ಕೇ ಇರಲಿ.

ಸ್ಲಾಟಿಗೆ ಸಿಗುವುದು ಪಿಸಿಐ ಎಕ್ಸ್‌ಪ್ರೆಸ್‌ನ (ಲ್ಯಾಪ್‌ಟಾಪಿನೊಳಗೆ ಡೇಟಾ ಓಡಾಡುವ ದಾರಿ) ಒಂದೇ ಲೇನ್. ಟಿ420ರಲ್ಲಿ ಅದು ಎರಡನೇ ತಲೆಮಾರಿನದು. ಟಿ61, ಟಿ400ರಂಥ ಇನ್ನೂ ಹಳೆಯವುಗಳಲ್ಲಿ ಮೊದಲ ತಲೆಮಾರಿನದು, ಲೆಕ್ಕಕ್ಕೆ ಸೆಕೆಂಡಿಗೆ 250 ಎಂಬಿ, ಕೈಗೆ ಸಿಗುವುದು 200ರ ಒಳಗೆ. ತಿರುಗುವ ಡಿಸ್ಕಿಗೆ ಅಷ್ಟು ಧಾರಾಳ ಸಾಕು, ಹೊರಗಿನ ಎಸ್‌ಎಸ್‌ಡಿಗೆ ಸಾಲದು.

ನಿಜವಾದ ತೊಂದರೆ ಕರೆಂಟಿನದು. ಈ ಸ್ಲಾಟಿನಲ್ಲಿ 5 ವೋಲ್ಟ್ ಇಲ್ಲವೇ ಇಲ್ಲ. 3.3 ವೋಲ್ಟನ್ನು ಕಾರ್ಡೇ 5ಕ್ಕೆ ಏರಿಸಿಕೊಳ್ಳಬೇಕು. ಸ್ಲಾಟ್ ನಿರಂತರವಾಗಿ ಕೊಡುವುದು ಸುಮಾರು 1 ಆಂಪಿಯರ್, ಅಂದರೆ 5 ವೋಲ್ಟಿನಲ್ಲಿ 600 ಮಿಲಿಆಂಪಿಯರ್ ಕೂಡ ಕಷ್ಟ. ಯುಎಸ್‌ಬಿ 3.0 ಒಂದೊಂದು ಪೋರ್ಟಿಗೂ 900 ಕೇಳುತ್ತದೆ. ಡಿಸ್ಕ್ ಟಿಕ್ ಟಿಕ್ ಎಂದು ಶಬ್ದ ಮಾಡುತ್ತಾ ಮತ್ತೆ ಮತ್ತೆ ಶುರುವಾಗುವುದು, ಕಾಪಿ ನಡುವೆ ಮಾಯವಾಗುವುದು ಇದಕ್ಕೇ. ಆದ್ದರಿಂದ ಬದಿಯಲ್ಲಿ 5 ವೋಲ್ಟ್ ಡಿಸಿ ಜ್ಯಾಕ್ ಇರುವ ಕಾರ್ಡನ್ನೇ ಕೊಳ್ಳಿ, ಜೊತೆಗೆ ಬರುವ ತಂತಿಯನ್ನು ಲ್ಯಾಪ್‌ಟಾಪಿನ 2.0 ಪೋರ್ಟಿಗೆ ಸಿಕ್ಕಿಸಿ. ಪವರ್ ಅಡಾಪ್ಟರ್ ಇರುವ ಹಬ್ ಇನ್ನೂ ಒಳ್ಳೆಯದು.

ಸ್ಲಾಟಿನೊಳಗೆ ಪೂರ್ತಿ ಅಡಗುವ ಕಾರ್ಡ್ ನೋಡಲು ಚೆಂದ. ಹೊರಗೆ ಚಾಚಿಕೊಂಡಿರುವುದು ಬ್ಯಾಗಿಗೆ ಹಾಕುವಾಗ ಬಾಗುತ್ತದೆ, ತೆಗೆದಿಡಬೇಕು. 34 ಮಿಮೀ ಅಗಲದ ಕಾರ್ಡ್ 54ರ ಸ್ಲಾಟಿನಲ್ಲಿ ಅಲ್ಲಾಡುತ್ತದೆ, ಪಕ್ಕಕ್ಕೆ ಪ್ಲಾಸ್ಟಿಕ್ ತುಂಡು ಬೇಕು. ಇನ್ನೂ ಹಳೆಯ ಬಗೆಯ ಪಿಸಿಎಂಸಿಐಎ ಕಾರ್ಡ್ ಸ್ಲಾಟಿಗೆ ಇದು ಹೊಂದುವುದೇ ಇಲ್ಲ.

ವಿಂಡೋಸ್ 7ಕ್ಕೆ ರೆನೆಸಾಸ್ ಡ್ರೈವರ್ ಮೊದಲು ಹಾಕಿ. ವಿಂಡೋಸ್ 8ರಿಂದ ಈಚೆಗೆ ಮತ್ತು ಲಿನಕ್ಸಿನಲ್ಲಿ ತಾನಾಗಿಯೇ ಗುರುತು ಸಿಗುತ್ತದೆ. ಆಗಾಗ ಸಂಪರ್ಕ ಕಡಿದರೆ ಪವರ್ ಆಪ್ಷನ್ಸ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಎಲ್ಲ ಸರಿಯಿದ್ದೂ ವೇಗ 35ರಲ್ಲೇ ನಿಂತರೆ ಪ್ಲಗ್ ತೆಗೆದು ಒಂದೇ ಸಲಕ್ಕೆ ಚುರುಕಾಗಿ ಒತ್ತಿ: 3.0ರ ಐದು ಪಿನ್ನುಗಳು ಒಳಗಡೆ ಇವೆ, ನಿಧಾನಕ್ಕೆ ತಳ್ಳಿದರೆ ಮುಂದಿನ 2.0 ಪಿನ್ನುಗಳೇ ಮೊದಲು ತಾಗಿ ಸಾಧನ 2.0 ಎಂದು ನೋಂದಣಿ ಆಗಿಬಿಡುತ್ತದೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಮಾತ್ರ ಹಳೆಯ ಪೋರ್ಟನ್ನೇ ಬಳಸಿ, ಬಯೋಸ್‌ಗೆ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಈ ಕಾರ್ಡ್ ಕಾಣುವುದಿಲ್ಲ.