ಮಂಗಳೂರಿನ ‘ಹೋಲಿ ಲ್ಯಾಂಡ್’ ಪ್ಯಾಕೇಜ್: ಕಲ್ಲು ತೋರಿಸುತ್ತಾರೆ, ಕೀಲಿಕೈ ತೋರಿಸುವುದಿಲ್ಲ

ಮಂಗಳೂರಿನಿಂದ ಜೆರುಸಲೇಮಿಗೆ ಎರಡು ಬಗೆಯ ಯಾತ್ರೆಗಳಿವೆ. ಒಂದು ಇಗರ್ಜಿಯ ನೋಟೀಸ್ ಬೋರ್ಡಿನಲ್ಲಿ ಕಾಣುವ ‘ಹೋಲಿ ಲ್ಯಾಂಡ್’: ಜೋರ್ಡಾನ್, ಇಸ್ರೇಲ್, ಈಜಿಪ್ಟ್, ಹತ್ತು-ಹನ್ನೆರಡು ದಿನ, ಜೊತೆಗೊಬ್ಬರು ಫಾದರ್. ಇನ್ನೊಂದು ಉಮ್ರಾ ಮಾಡಿಸುವ ಟ್ರಾವೆಲ್ಸ್‌ನವರ ‘ಬೈತುಲ್ ಮುಖದ್ದಸ್ ಝಿಯಾರತ್’: ಅದೇ ಅಮ್ಮಾನ್, ಅದೇ ಹಳೇ ಪಟ್ಟಣ, ಜೊತೆಗೊಬ್ಬರು ಉಸ್ತಾದ್. ಎರಡೂ ಗುಂಪಿನವರು ಓಡಾಡುವುದು ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದಾದ, ಸುತ್ತ ಗೋಡೆಯಿರುವ ಆ ಪಟ್ಟಣದಲ್ಲೇ. ಆದರೂ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡದೆ ಬಜ್ಪೆಗೆ ವಾಪಸಾಗುತ್ತಾರೆ. ಯಾವ ಟ್ರಾವೆಲ್ಸ್‌ನ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ, ಯಾಕೆಂದರೆ ಬ್ರೋಷರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಊಟ, ಬಸ್ಸು, ಹೋಟೆಲಿಗೆ ಧಾರಾಳವಾಗಿ ಅಂಕ ಕೊಡಬಹುದು. ಸೋಲುವುದು ಬೇರೆ ಕಡೆ. ಯಹೂದಿಗಳು, ಮುಸ್ಲಿಮರು, ಕ್ರೈಸ್ತರು ಆ ಜಾಗಗಳನ್ನು ದಿನಾ ಹೇಗೆ ಹಂಚಿಕೊಂಡಿದ್ದಾರೆ, ಎಲ್ಲಿ ಹಂಚಿಕೊಳ್ಳಲಾಗದೆ ರಕ್ತ ಹರಿದಿದೆ ಎಂಬುದನ್ನು ಎರಡೂ ಪ್ಯಾಕೇಜುಗಳು ತೋರಿಸುವುದಿಲ್ಲ. ಯಹೂದಿ-ಅರಬ್ ಶಾಂತಿ ಆದೀತೇ ಎಂದು ಕೇಳುವವರಿಗೆ ಉತ್ತರದ ಅರ್ಧ ಭಾಗ ಅಲ್ಲೇ ಇದೆ.

ಮೊದಲು ದಾರಿಯ ವಿಷಯ. ಜೋರ್ಡಾನಿನಿಂದ ದಾಟುವ ಗಡಿಯಾದ ಕಿಂಗ್ ಹುಸೇನ್ ಸೇತುವೆ ಶುಕ್ರವಾರ, ಶನಿವಾರ ಬೇಗ ಮುಚ್ಚುತ್ತದೆ. ಆ ಎರಡು ದಿನ ಗಡಿ ದಾಟಿಸುವ ವೇಳಾಪಟ್ಟಿಯನ್ನು ಒಪ್ಪಬೇಡಿ. ಇಸ್ರೇಲಿನವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಬೇರೆ ಚೀಟಿ ಕೊಡುತ್ತಾರೆ. ಈ ಸೇತುವೆಯಲ್ಲಿ ಜೋರ್ಡಾನಿನವರದೂ ಅದೇ ರೂಢಿ. ಆದರೆ ಈಜಿಪ್ಟಿನ ತಾಬಾ ಗಡಿಯ ಮುದ್ರೆ ಬಿದ್ದರೆ ಇಸ್ರೇಲಿಗೆ ಹೋದದ್ದು ಗೊತ್ತಾಗಿಬಿಡುತ್ತದೆ. ಕುವೈಟಿನಲ್ಲಿ ದುಡಿಯುವವರು, ಅಲ್ಲಿಗೆ ಹೋಗುವ ಅಂದಾಜಿರುವವರು ಯಾವ ಗಡಿಯಲ್ಲಿ ಹೊರಬರುತ್ತೇವೆ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು.

ಯೇಸುವಿನ ಸಮಾಧಿ ಇದೆಯೆಂದು ನಂಬುವ ಪವಿತ್ರ ಸಮಾಧಿಯ ಇಗರ್ಜಿಯನ್ನು ಕ್ರೈಸ್ತ ಪ್ಯಾಕೇಜುಗಳೆಲ್ಲ ಹಗಲಿನಲ್ಲೇ ತೋರಿಸುತ್ತವೆ. ಎರಡು ಗಂಟೆ ಸಾಲು, ಸಮಾಧಿಯೊಳಗೆ ಅರ್ಧ ನಿಮಿಷ, ಒಂದು ಫೋಟೊ. ನೋಡಬೇಕಾದದ್ದು ಬೆಳಗಿನ ನಾಲ್ಕರ ಹೊತ್ತಿಗೆ ಬಾಗಿಲು ತೆರೆಯುವ ಕ್ರಮ. ಸುಮಾರು ಒಂದು ಅಡಿ ಉದ್ದದ ಆ ಕಬ್ಬಿಣದ ಕೀಲಿಕೈ ಇರುವುದು ಜೂದೆ ಎಂಬ ಮುಸ್ಲಿಂ ಮನೆತನದ ಕೈಯಲ್ಲಿ. ಬಾಗಿಲು ತೆರೆಯುವ ಹಕ್ಕು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. ಒಳಗಿರುವ ಸನ್ಯಾಸಿಗಳು ಬಾಗಿಲಿನ ಸಣ್ಣ ಕಿಂಡಿಯಿಂದ ಒಂದು ಮರದ ಏಣಿಯನ್ನು ಹೊರಗೆ ತಳ್ಳುತ್ತಾರೆ. ಕೆಳಗಿನ ಬೀಗ ತೆಗೆದಾದ ಮೇಲೆ ಆ ಏಣಿ ಹತ್ತಿ ಮೇಲಿನ ಬೀಗ ತೆಗೆಯುತ್ತಾರೆ, ಏಣಿ ಮತ್ತೆ ಒಳಗೆ ಹೋಗುತ್ತದೆ. ಏಣಿ ಕೊಡುವ ಸರದಿ ಗ್ರೀಕ್ ಆರ್ಥೊಡಾಕ್ಸ್, ಫ್ರಾನ್ಸಿಸ್ಕನ್, ಅರ್ಮೇನಿಯನ್ ಪಂಗಡಗಳ ನಡುವೆ ತಿರುಗುತ್ತದೆ. ಒಳಗಿನವರ ಏಣಿ ಇಲ್ಲದೆ ಹೊರಗಿನವರಿಗೆ ಮೇಲಿನ ಬೀಗ ಎಟುಕದು, ಹೊರಗಿನವರ ಕೀಲಿ ಇಲ್ಲದೆ ಒಳಗಿನವರಿಗೆ ಬಾಗಿಲು ತೆರೆಯದು.

ಯಾರ ದೀಪ ಎಲ್ಲಿ ಉರಿಯಬೇಕು, ಯಾವ ಮೆಟ್ಟಿಲು ಯಾರು ಗುಡಿಸಬೇಕು ಎಂಬುದಕ್ಕೆಲ್ಲ 1757 ಮತ್ತು 1852ರ ಒಟ್ಟೊಮನ್ ಫರ್ಮಾನುಗಳು ಆಧಾರ. ‘ಸ್ಟೇಟಸ್ ಕೋ’ ಎನ್ನುವುದು ಇದನ್ನೇ. ಗುಡಿಸುವುದಕ್ಕೂ ಲೆಕ್ಕವೇ ಎಂದು ಅನಿಸಬಹುದು. ಅಲ್ಲಿ ಗುಡಿಸಿದವರದ್ದೇ ಹಕ್ಕು. 2011ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಇಗರ್ಜಿಯಲ್ಲಿ ಕ್ರಿಸ್ಮಸ್ ಸ್ವಚ್ಛತೆಯ ಹೊತ್ತಿಗೆ ಗ್ರೀಕರೂ ಅರ್ಮೇನಿಯನ್ನರೂ ಪೊರಕೆ ಹಿಡಿದೇ ಹೊಡೆದಾಡಿದರು. ಆದರೂ ಪೊರಕೆಯ ಜಗಳ ಪೊರಕೆಯಲ್ಲೇ ಮುಗಿಯಿತು. ಗೆರೆ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೃಷ್ಣ, ಎಂಟು ಮಠ, ವಾದಿರಾಜರ ಕಾಲದಿಂದ ಎರಡೆರಡು ವರ್ಷದ ಪರ್ಯಾಯ. ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ ಕೈ ಬದಲಾಗುವುದು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ. ಅದು ಒಂದೇ ಧರ್ಮದೊಳಗಿನ ಏರ್ಪಾಡು ನಿಜ. ಧರ್ಮ ದಾಟಿದ ಮರ್ಯಾದೆ ನೋಡಬೇಕೆಂದರೆ ಮೂಲ್ಕಿಯ ಬಪ್ಪನಾಡು ದೇವಸ್ಥಾನವಿದೆ, ಅಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಮರ ಮನೆತನಕ್ಕೆ ಸಲ್ಲುವ ಪ್ರಸಾದವಿದೆ. ಕರಾವಳಿಯಿಂದ ಹೋಗುವವರಿಗೆ ಇಷ್ಟು ಹೇಳಿದರೆ ಜೆರುಸಲೇಮ್ ಬೇಗ ಅರ್ಥವಾಗುತ್ತದೆ. ಗುಂಪಿನ ಜೊತೆ ಹೋಗುವ ಫಾದರ್ ಇಲ್ಲವೇ ಟೂರ್ ಮ್ಯಾನೇಜರ್ ಬಸ್ಸಿನಲ್ಲಿ ಹೇಳಲು ಹತ್ತು ನಿಮಿಷ ಸಾಕು.

ಬ್ರೋಷರಿನ ದೊಡ್ಡ ತಪ್ಪು ಅಖ್ಸಾ ಮಸೀದಿ ಇರುವ, ಮುಸ್ಲಿಮರಿಗೂ ಯಹೂದಿಗಳಿಗೂ ಪವಿತ್ರವಾದ ಹರಂ ಶರೀಫ್ ಅಥವಾ ‘ಟೆಂಪಲ್ ಮೌಂಟ್’ ವಿಷಯದಲ್ಲಿ. ಅದನ್ನು ಶುಕ್ರವಾರಕ್ಕೋ ಶನಿವಾರಕ್ಕೋ ಹಾಕಿರುತ್ತಾರೆ. ಮುಸ್ಲಿಮೇತರರಿಗೆ ಪ್ರವೇಶ ಭಾನುವಾರದಿಂದ ಗುರುವಾರದವರೆಗೆ ಮಾತ್ರ, ಅದೂ ಬೆಳಿಗ್ಗೆ ಕೆಲವು ಗಂಟೆ, ಮಧ್ಯಾಹ್ನ ಅದಕ್ಕಿಂತ ಕಡಿಮೆ. ಮುಸ್ಲಿಂ ಹಬ್ಬಗಳಲ್ಲಿ ಇಲ್ಲ. ಮುಗ್ರಬಿ ಬಾಗಿಲಿನ ಮರದ ಸೇತುವೆಯ ಮೇಲೆ ಹೋಗಬೇಕು. ಜಪಮಾಲೆ, ಬೈಬಲ್ ಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆಯುತ್ತಾರೆ, ಹಾಗಾಗಿ ಹೋಟೆಲಿನಲ್ಲೇ ಬಿಟ್ಟು ಬನ್ನಿ. ಚಿನ್ನದ ಬಣ್ಣದ ಗುಂಬಜಿನೊಳಗೂ ಅಖ್ಸಾ ಮಸೀದಿಯೊಳಗೂ ಮುಸ್ಲಿಮೇತರರನ್ನು ಬಿಡುವುದಿಲ್ಲ. ಮುಸ್ಲಿಂ ಯಾತ್ರಿಕರು ಬೇರೆ ಬಾಗಿಲುಗಳಿಂದ ಹೋಗಬಹುದು; ಭಾರತದ ಪಾಸ್‌ಪೋರ್ಟ್ ನೋಡಿ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಲು ಹೇಳುವುದುಂಟು, ಬೇಸರ ಮಾಡಿಕೊಳ್ಳಬೇಡಿ. ಅವರ ಪ್ಯಾಕೇಜು ಸರಿಯಾಗಿಯೇ ಶುಕ್ರವಾರದ ಜುಮಾಕ್ಕೆ ಹೊಂದಿಸಿರುತ್ತದೆ. ಆದರೆ ಕೆಳಗೆ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮದ ಗೋಡೆಯ ಕಡೆ ತಿರುಗಿಯೂ ನೋಡಿಸುವುದಿಲ್ಲ.

ಮುಗ್ರಬಿ ಸೇತುವೆಯ ಬುಡದಲ್ಲಿ ಒಂದು ಫಲಕವಿದೆ, ಗೈಡ್‌ಗಳು ಅದರ ಮುಂದೆ ನಿಲ್ಲುವುದೇ ಇಲ್ಲ. ಜಾಗದ ಪಾವಿತ್ರ್ಯದಿಂದಾಗಿ ಯಹೂದಿ ಧರ್ಮಗ್ರಂಥ ತೋರಾ ಪ್ರಕಾರ ಇಲ್ಲಿಗೆ ಪ್ರವೇಶ ನಿಷಿದ್ಧ ಎಂದು ಇಸ್ರೇಲಿನ ಮುಖ್ಯ ರಬ್ಬಿಗಳ ಸಂಸ್ಥೆ ಹಾಕಿಸಿದ ಫಲಕ ಅದು. 1967ರ ಯುದ್ಧ ಗೆದ್ದ ಮೇಲೆ ಇಸ್ರೇಲಿನ ರಕ್ಷಣಾ ಸಚಿವ ಮೋಶೆ ದಯಾನ್ ಒಳಗಿನ ಆಡಳಿತವನ್ನು ಮುಸ್ಲಿಮರ ಧಾರ್ಮಿಕ ಸಂಸ್ಥೆ ವಕ್ಫ್‌ಗೇ ಬಿಟ್ಟರು: ಯಹೂದಿಗಳು ಬರಬಹುದು, ಪ್ರಾರ್ಥಿಸುವಂತಿಲ್ಲ. ಈ ಮಾತು ದಶಕಗಟ್ಟಲೆ ನಿಂತದ್ದಕ್ಕೆ ಪೊಲೀಸರಷ್ಟೇ ಕಾರಣರಲ್ಲ, ಯಹೂದಿ ಧರ್ಮಶಾಸ್ತ್ರವೇ ಅಲ್ಲೊಂದು ಬೇಲಿಯಾಗಿತ್ತು. ಧರ್ಮವೆಂದರೆ ಬರೀ ಜಗಳದ ಬೇರು ಅನ್ನುವವರು ಈ ಫಲಕವನ್ನು ಓದಬೇಕು.

ಆ ಬೇಲಿ ಈಗ ಸಡಿಲವಾಗಿದೆ. ಇನ್ನೊಂದು ಪಂಥದ ರಬ್ಬಿಗಳು ಪ್ರವೇಶಕ್ಕೆ ಒಪ್ಪಿಗೆ ಕೊಡುತ್ತಿದ್ದಾರೆ, ಇತ್ತೀಚಿನ ವರ್ಷಗಳಲ್ಲಿ ಬಹಿರಂಗವಾಗಿಯೇ ಯಹೂದಿ ಪ್ರಾರ್ಥನೆ ನಡೆಯುತ್ತಿದೆ. ಜೋರ್ಡಾನಿಗೆ ಜೆರುಸಲೇಮಿನ ಮುಸ್ಲಿಂ ಕ್ಷೇತ್ರಗಳಲ್ಲಿ ವಿಶೇಷ ಪಾತ್ರವಿದೆಯೆಂದು ಇಸ್ರೇಲ್-ಜೋರ್ಡಾನ್ ನಡುವಿನ 1994ರ ಶಾಂತಿ ಒಪ್ಪಂದ ಹೇಳುತ್ತದೆ. ಆದರೆ ಇಗರ್ಜಿಗಿರುವಂತೆ ಮೆಟ್ಟಿಲು ಮೆಟ್ಟಿಲಿಗೂ ಲೆಕ್ಕವಿಡುವ ಏರ್ಪಾಡು ಹರಂಗೆ ಇಲ್ಲ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 2000ದ ಕ್ಯಾಂಪ್ ಡೇವಿಡ್ ಮಾತುಕತೆ ಎಡವಿದ ಕಲ್ಲುಗಳಲ್ಲಿ ಇದೂ ಒಂದು. ಅದೇ ವರ್ಷ ಸೆಪ್ಟೆಂಬರ್ 28ರಂದು ಇಸ್ರೇಲಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ಹರಂಗೆ ಹೋದರು, ಮರುದಿನದಿಂದಲೇ ಎರಡನೇ ಇಂತಿಫಾದದ, ಅಂದರೆ ಪ್ಯಾಲೆಸ್ಟೀನಿಯರ ದಂಗೆಯ, ಸಾವುಗಳು ಶುರುವಾದವು. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದ ದಾಳಿಗೆ ಹಮಾಸ್ ಇಟ್ಟುಕೊಂಡ ಹೆಸರಿನಲ್ಲೂ ಅಖ್ಸಾ ಇತ್ತು. ಅದರ ಹಿಂದೆಯೇ ಗಾಝಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಇಷ್ಟೆಲ್ಲದರ ನಡುವೆ ಇರುವ ಜಾಗವನ್ನು ‘ಫೋಟೊ ಸ್ಟಾಪ್’ ಎಂದು ಅಚ್ಚು ಹಾಕಿಸುವುದು ಸರಿಯಲ್ಲ.

ಬೆತ್ಲೆಹೇಮಿನಲ್ಲಿ ಗೈಡ್ ಬದಲಾಗುತ್ತಾರೆ. ಅದು ಪ್ಯಾಲೆಸ್ಟೀನ್ ಪ್ರಾಧಿಕಾರದ ಆಡಳಿತದಲ್ಲಿರುವ ‘ಎ’ ವಲಯ. ಇಸ್ರೇಲಿ ಪ್ರಜೆಗಳು ಹೋಗಬಾರದೆಂದು ಕೆಂಪು ಫಲಕವೇ ಇದೆ. ಎಷ್ಟೋ ಸಲ ಯಹೂದಿ ಗೈಡ್ ಚೆಕ್‌ಪೋಸ್ಟಿನ ಈಚೆ ಇಳಿದು, ಆಚೆ ಬೆತ್ಲೆಹೇಮಿನ ಅರಬ್ ಗೈಡ್ ಬಸ್ಸು ಹತ್ತುತ್ತಾರೆ. ಒಂದೇ ಬೆಟ್ಟಕ್ಕೆ ಇಬ್ಬರ ಬಾಯಲ್ಲಿ ಎರಡು ಹೆಸರು, ಒಂದೇ ಗೋಡೆಗೆ ಎರಡು ಕಥೆ. ಇದು ಪ್ಯಾಕೇಜಿನ ಅತ್ಯುತ್ತಮ ಭಾಗ, ಆದರೆ ಯಾರೂ ಬೇಕೆಂದು ಮಾಡಿದ್ದಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಬೆತ್ಲೆಹೇಮಿಗೂ ಜೆರುಸಲೇಮಿಗೂ ನಡುವೆ ಇಸ್ರೇಲ್ ಕಟ್ಟಿದ ಆ ಗೋಡೆ ಯಾಕೆ ಬಂತು? ಗೈಡ್ ಅರಬ್ಬರೋ ಯಹೂದಿಯೋ, ಲೈಸೆನ್ಸ್ ಇದೆಯೋ ಎಂದು ಮಂಗಳೂರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಹೆಬ್ರೋನ್ ಕ್ರೈಸ್ತ ಪ್ಯಾಕೇಜಿನಲ್ಲಿ ಇರುವುದೇ ಇಲ್ಲ, ಮುಸ್ಲಿಂ ಪ್ಯಾಕೇಜಿನಲ್ಲಿ ‘ಅಲ್ ಖಲೀಲ್’ ಎಂದು ಇರುತ್ತದೆ. ಅಬ್ರಹಾಮರು 400 ಶೆಕೆಲ್ ಬೆಳ್ಳಿಗೆ ಕೊಂಡರೆಂದು ಆದಿಕಾಂಡ ಹೇಳುವ ಗವಿ ಅಲ್ಲಿಯದು. ಅವರನ್ನು ಅಲ್ಲಿ ಮಣ್ಣು ಮಾಡಿದವರು ಇಸಾಕ, ಇಸ್ಮಾಯೇಲ ಇಬ್ಬರೂ ಸೇರಿ. 1994ರ ಫೆಬ್ರವರಿ 25ರಂದು, ರಂಜಾನಿನ ಬೆಳಗಿನ ನಮಾಝಿನಲ್ಲಿದ್ದ 29 ಜನರನ್ನು ಬಾರುಖ್ ಗೋಲ್ಡ್‌ಸ್ಟೈನ್ ಎಂಬ ಯಹೂದಿ ಗುಂಡಿಟ್ಟು ಕೊಂದ. ಆಮೇಲೆ ಕಟ್ಟಡವನ್ನೇ ಎರಡು ಮಾಡಿದರು, ಒಂದು ಪಾಲು ಮಸೀದಿ, ಒಂದು ಪಾಲು ಸಿನಗಾಗ್. ವರ್ಷಕ್ಕೆ ಹತ್ತು ದಿನ ಇಡೀ ಕಟ್ಟಡ ಮುಸ್ಲಿಮರಿಗೆ, ಹತ್ತು ದಿನ ಯಹೂದಿಗಳಿಗೆ. ಅಬ್ರಹಾಮರ ಸಮಾಧಿ ಇರುವುದು ಸರಿಯಾಗಿ ನಡುವೆ. ಈಚೆಯ ಸರಳುಗಳಿಂದ ಹಸಿರು ಬಟ್ಟೆ ಹೊದಿಸಿದ ಅದೇ ಗೋರಿ, ಆಚೆಯ ಸರಳುಗಳಿಂದಲೂ ಅದೇ ಗೋರಿ, ಎದುರಿನವರ ಮುಖ ಕಾಣದಂತೆ, ಗುಂಡು ತಾಗದಂತೆ ತಡೆ. ಮುಸ್ಲಿಮರೂ ಯಹೂದಿಗಳೂ ಸಾಮಾನ್ಯ ದಿನಗಳಲ್ಲಿ ಎರಡೂ ಕಡೆ ನೋಡಲಾರರು. ಕ್ರೈಸ್ತ ಅಥವಾ ಹಿಂದೂ ಯಾತ್ರಿಕರು ಒಂದೇ ದಿನ ಎರಡೂ ಕಿಟಕಿಗಳ ಮುಂದೆ ನಿಲ್ಲಬಹುದು. ಪರಿಸ್ಥಿತಿ ತಣ್ಣಗಿದ್ದರೆ ಬೆತ್ಲೆಹೇಮಿನ ದಿನಕ್ಕೇ ಇದನ್ನು ಸೇರಿಸಲು ಕೇಳಿ.

ಜಾಫಾದ ದಾರಿಯಲ್ಲಿ ಲತ್ರೂನ್ ಸಿಗುತ್ತದೆ. ಅದರ ಪಕ್ಕದಲ್ಲೇ ನೆವೆ ಶಾಲೋಮ್ ಅಥವಾ ವಾಹತ್ ಅಲ್-ಸಲಾಮ್ ಎಂಬ ಊರು. ಈಜಿಪ್ಟಿನ ಯಹೂದಿ ಮನೆಯಲ್ಲಿ ಹುಟ್ಟಿ ಡೊಮಿನಿಕನ್ ಪಾದ್ರಿಯಾದ ಬ್ರೂನೊ ಹುಸ್ಸಾರ್ ಅದನ್ನು ಆರಂಭಿಸಿದವರು. ಯಹೂದಿ ಮತ್ತು ಅರಬ್ ಕುಟುಂಬಗಳು ಸಮಸಮವಾಗಿ ಒಟ್ಟಿಗಿವೆ, ಮಕ್ಕಳು ಎರಡೂ ಭಾಷೆಯಲ್ಲಿ ಕಲಿಯುತ್ತಾರೆ. ಮೊದಲೇ ಬರೆದು ಕೇಳಿಕೊಂಡರೆ ಗುಂಪುಗಳಿಗೆ ಮಾತುಕತೆ ಏರ್ಪಡಿಸುತ್ತಾರೆ, ಎರಡು ಗಂಟೆ ಸಾಕು. ಇಂಥ ಊರುಗಳಿಂದ ಯುದ್ಧ ನಿಲ್ಲದು, ಅದು ಅಲ್ಲಿಯವರಿಗೂ ಗೊತ್ತು.

ಇನ್ನೊಂದು ದಾರಿ ಕಟ್ಟಾ ಧಾರ್ಮಿಕರ ಮೂಲಕವೇ ಹೋಗುವುದು. ಪಶ್ಚಿಮ ದಂಡೆಯ ಯಹೂದಿ ವಸಾಹತಿನಲ್ಲೇ ವಾಸವಿದ್ದ ರಬ್ಬಿ ಮೆನಾಹೆಮ್ ಫ್ರೋಮಾನ್ ಪ್ಯಾಲೆಸ್ಟೀನಿಯರ ನಾಯಕ ಅರಾಫತ್‌ರ ಜೊತೆಗೂ ಹಮಾಸ್‌ನ ಶೇಖ್ ಯಾಸೀನ್‌ರ ಜೊತೆಗೂ ಕೂತು ಮಾತಾಡಿದವರು. 2002ರ ಜನವರಿಯಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ರಬ್ಬಿಗಳು, ಶೇಖ್‌ಗಳು, ಬಿಷಪರು ಒಟ್ಟಾಗಿ ದೇವರ ಹೆಸರಲ್ಲಿ ನಿರಪರಾಧಿಗಳನ್ನು ಕೊಲ್ಲುವುದನ್ನು ಖಂಡಿಸಿದರು. ಜೀವ ಉಳಿಯುವುದಾದರೆ ನೆಲ ಬಿಟ್ಟುಕೊಡಬಹುದೆಂದು ರಬ್ಬಿ ಓವಾದಿಯಾ ಯೋಸೆಫ್ 1970ರ ದಶಕದ ಕೊನೆಯಲ್ಲೇ ಹೇಳಿದ್ದರು. ಆದರೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಈಜಿಪ್ಟಿನ ಅಧ್ಯಕ್ಷ ಸಾದಾತ್‌ರನ್ನು 1981ರಲ್ಲೂ ಇಸ್ರೇಲಿನ ಪ್ರಧಾನಿ ರಾಬಿನ್‌ರನ್ನು 1995ರಲ್ಲೂ ಕೊಂದವರು ಅವರವರ ಧರ್ಮದವರೇ, ಶಾಸ್ತ್ರದ ಆಧಾರ ಹೇಳಿಕೊಂಡೇ. ಧಾರ್ಮಿಕರನ್ನು ಹೊರಗಿಟ್ಟು ಮಾಡಿದ ಶಾಂತಿ ಅವರ ಕೈಯಲ್ಲೇ ಮುರಿಯುತ್ತದೆ ಎಂಬ ಫ್ರೋಮಾನರ ವಾದದಲ್ಲಿ ಹುರುಳಿದೆ. ಭೂಮಿ, ಚೆಕ್‌ಪೋಸ್ಟ್, ನಿರಾಶ್ರಿತರ ಪ್ರಶ್ನೆ ಬಿಟ್ಟು ಬರೀ ಪ್ರಾರ್ಥನೆಯಿಂದ ಏನೂ ಆಗದು ಎಂಬ ಪ್ಯಾಲೆಸ್ಟೀನಿಯರ ಮಾತಿನಲ್ಲೂ ಅಷ್ಟೇ ಹುರುಳಿದೆ.

ದುಡ್ಡು ಕಟ್ಟುವ ಮೊದಲು ಉಳಿದದ್ದು ಕೆಲವೇ. ಬಲಿಪೂಜೆಯ ಸಮಯವನ್ನು ಫ್ರಾನ್ಸಿಸ್ಕನ್ನರ ಕಚೇರಿಯಲ್ಲಿ ಮುಂಚಿತವಾಗಿ ಕಾದಿರಿಸಬೇಕು, ಫಾದರ್ ತಮ್ಮ ಬಿಷಪರ ಪತ್ರ ಇಟ್ಟುಕೊಳ್ಳಬೇಕು. ಟಿಪ್ಸ್ ದಿನಕ್ಕಿಷ್ಟು ಡಾಲರ್ ಎಂದು ಬೇರೆಯೇ ವಸೂಲಿ ಮಾಡುತ್ತಾರೆ, ಒಟ್ಟು ಎಷ್ಟೆಂದು ಕೇಳಿ. ಯುದ್ಧದಿಂದ ವಿಮಾನ ನಿಂತರೆ ಹಣ ವಾಪಸೋ, ಮುಂದಿನ ಗುಂಪಿಗೆ ವರ್ಗವೋ ಎಂಬುದು ಕಾಗದದಲ್ಲಿ ಇರಲಿ, ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಹೊರಡುವ ವಾರವೂ ನೋಡಿ. ಹೆರೋದನ ಬಾಗಿಲಿನ ಒಳಗೆ ಬಾಬಾ ಫರೀದರ ಹೆಸರಿನ ಭಾರತೀಯ ಧರ್ಮಶಾಲೆಯಿದೆ, 1924ರಿಂದ ಸಹಾರನ್‌ಪುರ ಮೂಲದ ಅನ್ಸಾರಿ ಕುಟುಂಬ ನೋಡಿಕೊಳ್ಳುತ್ತಿದೆ. ಯಾವ ಧರ್ಮದ ಗುಂಪಾದರೂ ಅರ್ಧ ಗಂಟೆ ಅಲ್ಲಿ ಕೂರಬಹುದು. ಹೋಟೆಲು ಅಗ್ಗವೆಂದು ಎಲ್ಲ ರಾತ್ರಿಗಳನ್ನೂ ಬೆತ್ಲೆಹೇಮಿನಲ್ಲಿ ಹಾಕುತ್ತಾರೆ. ಅಲ್ಲಿಂದ ಚೆಕ್‌ಪೋಸ್ಟ್ ದಾಟಿ ನಾಲ್ಕು ಗಂಟೆಗೆ ಇಗರ್ಜಿಯ ಬಾಗಿಲಿಗೆ ಮುಟ್ಟುವುದು ಕಷ್ಟದ ಮಾತು. ಒಂದು ರಾತ್ರಿಯಾದರೂ ಹಳೇ ಪಟ್ಟಣದ ಗೋಡೆಯೊಳಗೆ ಅಥವಾ ದಮಾಸ್ಕಸ್ ಬಾಗಿಲಿನ ಹತ್ತಿರ ಕೋಣೆ ಹಾಕಿಸಿಕೊಳ್ಳಿ, ಏಣಿ ಹೊರಗೆ ಬರುವ ಹೊತ್ತಿಗೆ ನಡೆದೇ ಹೋಗಬಹುದು.