ನೂರು ವ್ಯಾಟಿನ ದೂರದರ್ಶನ: ಎಲ್‌ಪಿಟಿ ಸೇವೆಗೊಂದು ತಡವಾದ ರಿವ್ಯೂ

2022ರ ಮಾರ್ಚ್ 31ಕ್ಕೆ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರುಗಳ ಕಥೆ ಹೆಚ್ಚುಕಡಿಮೆ ಮುಗಿಯಿತು. ಆಯಕಟ್ಟಿನ ಜಾಗಗಳ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಪ್ರಸಾರ ಭಾರತಿ ಹಂತಹಂತವಾಗಿ ಬಂದ್ ಮಾಡಿತು. ಹೀಗೆ ಹೋದವುಗಳಲ್ಲಿ ಬಹುಪಾಲು ಎಲ್‌ಪಿಟಿಗಳು, ಅಂದರೆ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು. ಊರಾಚೆಯ ದಿಬ್ಬದ ಮೇಲೆ ಒಂದು ಗೋಪುರ, ಪಕ್ಕದಲ್ಲಿ ಆಕಾಶ ನೋಡುವ ದೊಡ್ಡ ಡಿಶ್, ಎರಡು ಮೂರು ಕೋಣೆಯ ಕಟ್ಟಡ, ಒಂದು ಡೀಸೆಲ್ ಜನರೇಟರ್. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೊಟ್ಟ ಮಿತಿಯೊಳಗೆ ಚಿತ್ರ ತಲುಪಿಸುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡಿತು. ಊರಿನ ಕೇಂದ್ರವಾಗಿ ಮಾತ್ರ ಏನೂ ಮಾಡಲಿಲ್ಲ. ಮಾಡೋಣವೆಂದರೆ ಒಳಗೆ ಒಂದು ಕ್ಯಾಮೆರಾ ಕೂಡ ಇರಲಿಲ್ಲ.

ಒಳಗಿನ ವ್ಯವಸ್ಥೆ ಸರಳ. ಉಪಗ್ರಹದಿಂದ ಬಂದ ಸಿಗ್ನಲ್ಲನ್ನು ಡಿಶ್ ಹಿಡಿಯುತ್ತದೆ. ರಿಸೀವರ್ ಅದರಿಂದ ಚಿತ್ರ ಮತ್ತು ಧ್ವನಿಯನ್ನು ಬೇರ್ಪಡಿಸುತ್ತದೆ. ಎಕ್ಸೈಟರ್ ಚಿತ್ರವನ್ನು 38.9 ಮೆಗಾಹರ್ಟ್ಸ್‌ಗೆ, ಧ್ವನಿಯನ್ನು 33.4ಕ್ಕೆ ಏರಿಸಿ, ಬಳಿಕ ಆ ಊರಿಗೆ ಗೊತ್ತುಮಾಡಿದ ಚಾನೆಲ್‌ಗೆ ದಾಟಿಸುತ್ತದೆ. ಕೊನೆಯಲ್ಲಿ ಆಂಪ್ಲಿಫೈಯರ್, ಅಲ್ಲಿಂದ ಗೋಪುರದ ತುದಿಯ ಆಂಟೆನಾ. ಚಿತ್ರಕ್ಕೆ 100 ವ್ಯಾಟ್, ಧ್ವನಿಗೆ ಅದರ ಹತ್ತನೇ ಒಂದು ಪಾಲು. ಹಳೆಯ ಕಾಲದ ಒಂದು ಬಲ್ಬು ಉರಿಸುವಷ್ಟು ಶಕ್ತಿಯಲ್ಲಿ ಒಂದು ಪಟ್ಟಣ ಮತ್ತು ಸುತ್ತಲ ಹಳ್ಳಿಗಳು ಟಿವಿ ನೋಡಿದವು. ಇಂಥ ಟ್ರಾನ್ಸ್‌ಮಿಟರುಗಳನ್ನು ತಯಾರಿಸಿದವರಲ್ಲಿ ಬೆಂಗಳೂರಿನ ಬಿಇಎಲ್ ಕೂಡ ಒಂದು.

ಈ ಜಾಲ ಹರಡಿದ ವೇಗಕ್ಕೆ ಕಾರಣ ಉಪಗ್ರಹ. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಮೇಲೇರಿದ ಮೇಲೆ ದೆಹಲಿಯ ಸಿಗ್ನಲ್ ದೇಶದ ಯಾವ ಮೂಲೆಯಲ್ಲಾದರೂ ಸಿಗುವಂತಾಯಿತು. ಊರಿಂದೂರಿಗೆ ಮೈಕ್ರೋವೇವ್ ಕೊಂಡಿ ಹಾಕುವ ಗೋಜು ತಪ್ಪಿತು. 1984ರಲ್ಲಿ ಕೆಲವು ತಿಂಗಳ ಕಾಲ ದಿನಕ್ಕೊಂದರ ಲೆಕ್ಕದಲ್ಲಿ ಟ್ರಾನ್ಸ್‌ಮಿಟರುಗಳು ಶುರುವಾದವು. ಅವಸರದ ಈ ಕೆಲಸಕ್ಕೆ ಸರಿಹೊಂದಿದ್ದು ಎಲ್‌ಪಿಟಿಯೇ: ಸ್ಟುಡಿಯೋ ಬೇಡ, ಕಲಾವಿದರು ಬೇಡ, ಸಣ್ಣ ಸಿಬ್ಬಂದಿ ಸಾಕು. ಅನುಕೂಲವೂ ಅದೇ, ಕೊರತೆಯೂ ಅದೇ.

ಇನ್ನು ಚಿತ್ರದ ಗುಣಮಟ್ಟ. 10ರಿಂದ 15 ಕಿಲೋಮೀಟರ್ ಒಳಗೆ, ಗೋಪುರ ಕಣ್ಣಿಗೆ ಕಾಣುವಂತಿದ್ದರೆ, ಚಿತ್ರ ಸ್ವಚ್ಛ. 10 ವ್ಯಾಟಿನ ವಿಎಲ್‌ಪಿಟಿ, ಅಂದರೆ ಇನ್ನೂ ಕಡಿಮೆ ಶಕ್ತಿಯ ಕೇಂದ್ರ, ಆದರೆ ಐದು ಕಿಲೋಮೀಟರ್ ದಾಟುವುದೇ ಕಷ್ಟ. ಭೂಮಿಯ ಬಾಗು ಇಲ್ಲಿ ಅಡ್ಡಿಯಲ್ಲ. 30 ಮೀಟರ್ ಗೋಪುರ ಮತ್ತು ಒಂಬತ್ತು ಮೀಟರ್ ಎತ್ತರದ ಮನೆ ಆಂಟೆನಾ ಇದ್ದರೆ ಲೆಕ್ಕದಲ್ಲಿ ಸುಮಾರು 35 ಕಿಲೋಮೀಟರ್‌ವರೆಗೂ ನೇರ ದಾರಿ ಸಿಗುತ್ತದೆ. ಸಾಲದೆ ಹೋಗುವುದು ಶಕ್ತಿ. ಮಲೆನಾಡಿನಲ್ಲಿ ಈ ಲೆಕ್ಕವೂ ಕೈಕೊಡುತ್ತದೆ. ಗುಡ್ಡದ ಈಚೆ ಮಗ್ಗುಲಿನ ಮನೆಗೆ ಕನ್ನಡಿಯಂಥ ಚಿತ್ರ, ಆಚೆ ಮಗ್ಗುಲಿಗೆ ಬರೀ ಚುಕ್ಕಿ.

ಅರ್ಧ ಕೆಲಸ ನೋಡುಗರ ಮಾಳಿಗೆಯ ಮೇಲೆ ಆಗಬೇಕಿತ್ತು, ದೂರುಗಳಲ್ಲಿ ಬಹಳಷ್ಟು ಹುಟ್ಟಿದ್ದೂ ಅಲ್ಲೇ. 5ನೇ ಚಾನೆಲ್‌ನ ಚಿತ್ರ 175.25 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅದಕ್ಕೆ ಆಂಟೆನಾದ ಮುಖ್ಯ ಕಡ್ಡಿ ಸುಮಾರು 81 ಸೆಂಟಿಮೀಟರ್ ಇರಬೇಕು. 12ನೇ ಚಾನೆಲ್ ಆದರೆ 63-64 ಸಾಕು. ಬೇರೆ ಊರಿನ ಚಾನೆಲ್‌ಗೆ ಮಾಡಿದ ಆಂಟೆನಾ ತಂದು ಕಟ್ಟಿ, "ಸ್ಟೇಷನ್ ಸರಿಯಿಲ್ಲ" ಅಂದವರು ಎಷ್ಟೋ. ಮಡಚಿದ ಡೈಪೋಲ್‌ಗೆ, ಅಂದರೆ ತುದಿಗಳನ್ನು ಬಾಗಿಸಿ ತಂದ ಆ ಮುಖ್ಯ ಕಡ್ಡಿಗೆ, 300 ಓಮ್‌ನ ಚಪ್ಪಟೆ ವಯರ್ ನೇರವಾಗಿ ಕೂಡುತ್ತದೆ. ದುಂಡನೆಯ 75 ಓಮ್ ಕೇಬಲ್ ಹಾಕುವುದಾದರೆ ನಡುವೆ ಬಾಲನ್, ಅಂದರೆ ಎರಡನ್ನೂ ಹೊಂದಿಸುವ ಸಣ್ಣ ಟ್ರಾನ್ಸ್‌ಫಾರ್ಮರ್, ಬೇಕೇ ಬೇಕು. ಚಪ್ಪಟೆ ವಯರನ್ನು ಕಬ್ಬಿಣದ ಕಂಬಕ್ಕೆ ಸುತ್ತಿ ಕಟ್ಟಿದರೆ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ಕಂಬದಿಂದ ಒಂದು ಗೇಣಾದರೂ ದೂರ ನಿಲ್ಲಿಸಿ ಇಳಿಸಬೇಕು. ಮಳೆಗಾಲ ಒಂದು ಕಳೆಯುವಷ್ಟರಲ್ಲಿ ಸ್ಕ್ರೂ ತುಕ್ಕು ಹಿಡಿದು ಚಿತ್ರ ಮಂಕಾಗುತ್ತದೆ. ಮರಳುಕಾಗದದಲ್ಲಿ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸ್ ಸವರಿದರೆ ಸಾಕು.

ಬೂಸ್ಟರ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದು ಇರಬೇಕಾದ್ದು ಕಂಬದ ಮೇಲೆ, ಆಂಟೆನಾದ ಬುಡದಲ್ಲಿ. ಟಿವಿಯ ಹಿಂದೆ ಇಟ್ಟರೆ ಕೇಬಲ್‌ನಲ್ಲಿ ಆಗಲೇ ಸೊರಗಿದ ಸಿಗ್ನಲ್ ಜೊತೆ ಚುಕ್ಕಿಗಳನ್ನೂ ಸಮನಾಗಿ ದೊಡ್ಡದು ಮಾಡುತ್ತದೆ. ಗೋಪುರದಿಂದ ಎರಡು ಕಿಲೋಮೀಟರ್ ಒಳಗಿದ್ದರೆ ಬೂಸ್ಟರ್ ಹಾಕಲೇಬಾರದು. ಟ್ಯೂನರ್ ತುಂಬಿ, ಧ್ವನಿಯಲ್ಲಿ ಗುಂಯ್ ಶಬ್ದ, ಚಿತ್ರದಲ್ಲಿ ಅಡ್ಡಪಟ್ಟಿ ಶುರು.

ನೆರಳು ಚಿತ್ರದ ಕಾಟ ಬೇರೆ. ಸಿಗ್ನಲ್ ನೇರವಾಗಿ ಒಮ್ಮೆ, ಗುಡ್ಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ಇನ್ನೊಮ್ಮೆ ಬಂದರೆ ವಾರ್ತೆ ಓದುವವರ ಬಲಕ್ಕೆ ಅವರದೇ ಇನ್ನೊಂದು ಮಸುಕು ಮುಖ. ಎಷ್ಟು ಬಲಕ್ಕೆ ಎಂಬುದರಿಂದ ಅಡ್ಡಿ ಎಲ್ಲಿದೆ ಅಂತ ಅಂದಾಜಿಸಬಹುದು. 40 ಸೆಂಟಿಮೀಟರ್ ಅಗಲದ ಪರದೆಯಲ್ಲಿ ನೆರಳು ಎರಡೂವರೆ ಸೆಂಟಿಮೀಟರ್ ಸರಿದಿದ್ದರೆ, ಎರಡನೇ ಸಿಗ್ನಲ್ ಒಂದು ಕಿಲೋಮೀಟರ್ ಹೆಚ್ಚು ದಾರಿ ಸುತ್ತಿ ಬಂದಿದೆ. ಇದಕ್ಕೆ ಬೂಸ್ಟರ್ ಮದ್ದಲ್ಲ. ಕಡ್ಡಿ ಹೆಚ್ಚಿರುವ ಯಾಗಿ ಆಂಟೆನಾ ಹಾಕಿ, ನೆರಳು ಕಡಿಮೆಯಾಗುವವರೆಗೆ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಸಿಗ್ನಲ್ ತುಸು ಕಡಿಮೆಯಾದರೂ ಚಿಂತೆಯಿಲ್ಲ. ಚಿತ್ರಕ್ಕೆ ನಮ್ಮ ಅಂಕ ಐದಕ್ಕೆ ಮೂರೂವರೆ.

ಕಾರ್ಯಕ್ರಮಕ್ಕೆ? ಒಂದು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದೇ ಶುರುವಾಗಿದ್ದರೂ ಮೊದಲ ವರ್ಷಗಳಲ್ಲಿ ದೂರದ ಊರಿನ ಎಲ್‌ಪಿಟಿಗೆ ಬರುತ್ತಿದ್ದದ್ದು ದೆಹಲಿಯ ಸಿಗ್ನಲ್. ಕನ್ನಡದ ಊರಿನಲ್ಲಿ ಕನ್ನಡದವರೇ ನಡೆಸುವ ಟ್ರಾನ್ಸ್‌ಮಿಟರ್, ಅದರಲ್ಲಿ ಬರುವುದು ಹಿಂದಿ. ಅಡಚಣೆ ಆದಾಗಿನ ಕ್ಷಮಾಪಣೆಯೂ "ರುಕಾವಟ್ ಕೇ ಲಿಯೇ ಖೇದ್ ಹೈ". ಬೆಂಗಳೂರಿನ ಕಾರ್ಯಕ್ರಮವೂ ಉಪಗ್ರಹದ ಮೇಲೆ ಬಂದ ನಂತರವೇ ಸಂಜೆಯ ಹೊತ್ತು ಕನ್ನಡವಾಯಿತು. ಆಗಲೂ ಅದು ಬೆಂಗಳೂರಿನ ಕನ್ನಡ. ಊರಿನ ಜಾತ್ರೆ, ಎಪಿಎಂಸಿಯ ಧಾರಣೆ, ಕೆರೆ ಕೋಡಿ ಬಿದ್ದ ಸುದ್ದಿ, ಯಾವುದೂ ಆ ಗೋಪುರ ಹತ್ತಲಿಲ್ಲ.

ತಂತ್ರಜ್ಞಾನ ಅಡ್ಡಿಯಾಗಿತ್ತು ಅನ್ನುವಂತಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಪೀಜ್‌ನಲ್ಲಿ 1975ರಿಂದ 1985ರವರೆಗೆ ಒಂದು ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಇಸ್ರೋ ಅಹಮದಾಬಾದ್ ಕೇಂದ್ರದವರು ಆ ಜಿಲ್ಲೆಯ ಜನರಿಗಾಗಿಯೇ, ಅವರ ಮಾತಿನಲ್ಲೇ ಕಾರ್ಯಕ್ರಮ ಮಾಡಿ ಕಳಿಸಿದರು. ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿಯೂ ಬಂತು. ನಮ್ಮಲ್ಲೂ ಬೀಜ ಇತ್ತು: 1975-76ರ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ನೇರವಾಗಿ ಉಪಗ್ರಹದಿಂದ ಟಿವಿ ನೋಡಿದವು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಕೇಂದ್ರ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು! 2004ರ ನಂತರ ಕೃಷಿ ವಿಸ್ತರಣಾ ಯೋಜನೆಯಡಿ ದೇಶದ 180 ಟ್ರಾನ್ಸ್‌ಮಿಟರುಗಳಿಂದ ಆಯಾ ಭಾಗದ ರೈತರಿಗೆ ಬೇರೆಬೇರೆ ಕಾರ್ಯಕ್ರಮ ಹೋಯಿತು. ಅಂದರೆ ಆಗುತ್ತಿತ್ತು. ಇಪ್ಪತ್ತು ವರ್ಷ ತಡವಾಗಿ, ಅದೂ ದಿನಕ್ಕೆ ಸ್ವಲ್ಪ ಹೊತ್ತು.

ಮುಚ್ಚುವ ಕೆಲಸ ಮಾತ್ರ ಅಚ್ಚುಕಟ್ಟು. ಕೊನೆಯ ಹಂತದಲ್ಲಿ 2021ರ ಅಕ್ಟೋಬರ್ 31ಕ್ಕೆ 152, ಡಿಸೆಂಬರ್ 31ಕ್ಕೆ 109, 2022ರ ಮಾರ್ಚ್ 31ಕ್ಕೆ 151. ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಗುಲ್ಲೂ ಎದ್ದಿತ್ತು. ನಿಲ್ಲುವುದು ಅನಲಾಗ್ ಪ್ರಸಾರ ಮಾತ್ರ, ಕೇಂದ್ರ ಚಂದನ ವಾಹಿನಿಗೂ ಯೂಟ್ಯೂಬಿಗೂ ಕಾರ್ಯಕ್ರಮ ಮಾಡುತ್ತದೆ ಎಂದು ಪ್ರಸಾರ ಭಾರತಿ ಸ್ಪಷ್ಟಪಡಿಸಿತು.

ಬದಲಿಗೆ ಸಿಕ್ಕಿರುವುದು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ. ಡಿಶ್, ಅದರ ಮುಂದೆ ಕೂರುವ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್, ಕೇಬಲ್‌ಗೆ ಒಂದೇ ಸಲದ ಖರ್ಚು. 60 ಸೆಂಟಿಮೀಟರ್ ಡಿಶ್ ಸಾಕು. ಹಿಡಿಯಬೇಕಾದ ಉಪಗ್ರಹ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15. ಕಲಬುರಗಿಯಿಂದ ಅದು ಸರಿಯಾಗಿ ಆಗ್ನೇಯಕ್ಕೆ, ನೆಲದಿಂದ 62 ಡಿಗ್ರಿ ಮೇಲೆ. ಬೆಂಗಳೂರಿನಿಂದ ದಿಕ್ಸೂಚಿಯಲ್ಲಿ 128 ಡಿಗ್ರಿ, ಎತ್ತರ 66. ಆಫ್‌ಸೆಟ್ ಡಿಶ್, ಅಂದರೆ ಎಲ್‌ಎನ್‌ಬಿ ನಡುವಿನ ಬದಲು ಕೆಳಬದಿಗಿರುವ ಡಿಶ್, ನೋಡುವುದಕ್ಕೆ ಇದಕ್ಕಿಂತ ನೆಟ್ಟಗೆ ನಿಂತಂತಿರುತ್ತದೆ. ಹಾಗಾಗಿ ಕಣ್ಣಂದಾಜಿಗಿಂತ ಹಿಂಬದಿಯ ಡಿಗ್ರಿ ಪಟ್ಟಿಯನ್ನು ನಂಬಿ. ಮೊದಲು ಕಂಬ ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಲಿ, ಇಲ್ಲದಿದ್ದರೆ ಆ ಪಟ್ಟಿಯೂ ಸುಳ್ಳು ಹೇಳುತ್ತದೆ. ಎತ್ತರ ಕೂರಿಸಿ, ಎಡಬಲಕ್ಕೆ ಬೆರಳಗಲ ಬೆರಳಗಲ ತಿರುಗಿಸುತ್ತಾ ಬಾಕ್ಸಿನ ಕ್ವಾಲಿಟಿ ಪಟ್ಟಿ ನೋಡಿ. ಸ್ಟ್ರೆಂತ್ ಪಟ್ಟಿ ತುಂಬಿದ ಮಾತ್ರಕ್ಕೆ ಉಪಗ್ರಹ ಸಿಕ್ಕಿತೆಂದಲ್ಲ.

ಚಿತ್ರದಲ್ಲಿ ಚುಕ್ಕಿಯಿಲ್ಲ, ನೆರಳಿಲ್ಲ. ಆದರೆ ಜೋರು ಮಳೆಗೆ ಎಲ್‌ಪಿಟಿ ಚಿತ್ರ ಮಸುಕಾದರೂ ಬರುತ್ತಿತ್ತು. ಫ್ರೀ ಡಿಶ್ ಚಿತ್ರ ಚೂರುಚೂರಾಗಿ ನಿಂತೇಹೋಗುತ್ತದೆ. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಎಂಪೆಗ್-4 ಚಾನೆಲ್‌ಗಳು ಅದರಲ್ಲಿ ಬರುವುದಿಲ್ಲ. ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುವುದರಿಂದ ಪಟ್ಟಿಯ ತುಂಬಾ ಹಿಂದಿಯೇ. ಚಂದನ ಒಂದೇ ಸಾಕೆನ್ನುವ ಮನೆಗೆ, ಕೇಬಲ್ ಬಾರದ ತೋಟದ ಮನೆಗೆ ಧಾರಾಳವಾಗಿ ತನ್ನಿ. ಕನ್ನಡ ಧಾರಾವಾಹಿಗಳಿಗಾಗಿ ತರುವುದಾದರೆ ಅಂಗಡಿಯಲ್ಲೇ ಚಾನೆಲ್ ಪಟ್ಟಿ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.